ಚಿಗರಿ ಓಡಬೇಕಾದರೆ ದಾರಿ ಖಾಲಿ ಇರಬೇಕು

ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಆ ಬಸ್ಸಿಗೆಂದೇ ರಸ್ತೆಯ ನಡುವೆ ಬಿಟ್ಟ ದಾರಿಯೊಳಗೆ, ಅಂದರೆ ಕಾರಿಡಾರಿನೊಳಗೆ, ಬೇರೆ ವಾಹನ ನುಗ್ಗದಂತೆ ನೋಡಿಕೊಳ್ಳುವ ವ್ಯವಸ್ಥೆಗೆ ಮಾತ್ರ ಎರಡೂವರೆ. ಇಲ್ಲಿ ನಾನು ಬರೆಯುತ್ತಿರುವುದು ಹೆಚ್ಚಾಗಿ ಎರಡನೆಯದ್ದರ ಬಗ್ಗೆ.

ಬಸ್ಸಿನ ಮಾತು ಬೇಗ ಮುಗಿಸುತ್ತೇನೆ. ಎಸಿ ಇದೆ. ಟಿಕೆಟ್ ನಿಲ್ದಾಣದಲ್ಲೇ ತಗೊಳ್ಳುವುದರಿಂದ ಬಸ್ಸಿನೊಳಗೆ ಚಿಲ್ಲರೆ ಜಗಳ ಇಲ್ಲ. ಪ್ಲಾಟ್‌ಫಾರ್ಮ್ ಎತ್ತರವೂ ಬಸ್ಸಿನ ಎತ್ತರವೂ ಒಂದೇ ಇರುವುದರಿಂದ ಮೊಣಕಾಲು ನೋವಿನವರಿಗೆ ತುಂಬ ಅನುಕೂಲ. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು, 2020ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಸುಮಾರು 22 ಕಿ.ಮೀ. ದಾರಿ. ನನ್ನ ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಕೂತವರು ನನಗಾಗಿ ಕಾಯುತ್ತಿರುತ್ತಾರೆ. ಅದರಲ್ಲಿ ಶುಗರ್ ಇರುವ ವಯಸ್ಸಾದವರೇ ಜಾಸ್ತಿ. ಬಸ್ಸು ತಡವಾದರೆ ಅವರ ಚಹಾ, ನಾಷ್ಟಾ, ಮಾತ್ರೆ ಎಲ್ಲವೂ ತಡ. ಅದಕ್ಕೇ ಈ ದಾರಿ ಖಾಲಿ ಇದೆಯೋ ಇಲ್ಲವೋ ಅನ್ನುವುದು ನನಗೆ ಸಣ್ಣ ವಿಷಯ ಅಲ್ಲ.

ಕಾರಿಡಾರಿನೊಳಗೆ ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ) ಬಸ್ಸು, ಅಂದರೆ ಚಿಗರಿ, ಮತ್ತು ಆಂಬುಲೆನ್ಸಿನಂಥ ತುರ್ತು ವಾಹನ ಬಿಟ್ಟರೆ ಬೇರೆಯವರು ಹೋಗುವಂತಿಲ್ಲ. ಆದರೆ ಪಕ್ಕದ ರಸ್ತೆ ಗಿಜಿಗುಟ್ಟುತ್ತಿರುವಾಗ ನಡುವಿನ ದಾರಿ ಖಾಲಿ ಕಂಡರೆ ಮನಸ್ಸು ತಡೆಯುವುದಿಲ್ಲ. ಕ್ರಾಸ್ ಬಂದ ಕೂಡಲೇ ಬೈಕುಗಳು ಒಳಗೆ ತಿರುಗುತ್ತವೆ. ಒಂದು ಹೋದರೆ ಹಿಂದೆ ಇನ್ನೆರಡು.

ಬೈಕಿನವರ ಕಷ್ಟ ನನಗೂ ಗೊತ್ತು. ನವನಗರದ ಹತ್ತಿರ ಎಪಿಎಂಸಿಗೆ ಹೋಗುವ ಲಾರಿಗಳು, ಅಲ್ಲಲ್ಲಿ ಅಡ್ಡ ನಿಂತ ಆಟೋ, ಮಳೆ ಬಂದರೆ ಅಂಚಿನಲ್ಲಿ ನಿಲ್ಲುವ ನೀರು. ನಮ್ಮ ಮನೆಯಲ್ಲೂ ಬೈಕ್ ಇದೆ. ಆದರೂ ಒಳಗೆ ನುಗ್ಗುವುದು ತಪ್ಪೇ. ಅದಕ್ಕೆ ಬಸ್ಸಿನ ವೇಗಕ್ಕಿಂತ ದೊಡ್ಡ ಕಾರಣ ಒಂದಿದೆ.

ಚಿಗರಿ ನಿಲ್ದಾಣಗಳು ಇರುವುದು ರಸ್ತೆಯ ನಡುವೆ. ಹತ್ತಬೇಕಾದರೂ ಇಳಿಯಬೇಕಾದರೂ ಕಾರಿಡಾರ್ ದಾಟಲೇಬೇಕು. ದಾಟುವವರು ನೋಡುವುದು ಬಸ್ಸನ್ನು. ಬಸ್ಸು ದೊಡ್ಡದು, ದೂರದಿಂದಲೇ ಕಾಣುತ್ತದೆ, ನಿಲ್ದಾಣದ ಹತ್ತಿರ ನಿಧಾನವಾಗುತ್ತದೆ. ಬಸ್ಸಿಲ್ಲ ಅಂದರೆ ದಾರಿ ಖಾಲಿ ಅಂತಲೇ ಲೆಕ್ಕ. ಅದೇ ಹೊತ್ತಿಗೆ ನಿಂತ ಬಸ್ಸಿನ ಮರೆಯಿಂದ ಬೈಕ್ ಬಂದರೆ? ನಿಲ್ಲದೆ ಹೋಗುವ ಬಸ್ಸುಗಳಿಗಾಗಿ ನಿಲ್ದಾಣದ ಬಳಿ ಪಕ್ಕದಲ್ಲಿ ದಾಟಿಹೋಗುವ ಪಥ ಇದೆಯಲ್ಲ, ಬೈಕಿನವರು ಜೋರಾಗಿ ಬರುವುದು ಅದರಲ್ಲೇ. ಉಣಕಲ್ ಹತ್ತಿರ ಒಮ್ಮೆ ಹೀಗೇ ಆಯಿತು. ಬೈಕ್ ಏಕಾಏಕಿ ಅಡ್ಡ ಬಂತು, ನಮ್ಮ ಚಾಲಕರು ಜೋರಾಗಿ ಬ್ರೇಕ್ ಒತ್ತಿದರು. ಕಂಬ ಹಿಡಿದು ನಿಂತಿದ್ದ ಅಜ್ಜಿ ಜೋಲಿ ಹೊಡೆದು ನನ್ನ ಮೇಲೆ ಬಿದ್ದರು. ಕೈಚೀಲದಲ್ಲಿದ್ದ ಪೇರಲ ಹಣ್ಣು ಸೀಟಿನ ಕೆಳಗೆಲ್ಲ ಉರುಳಿದವು. “ಏ ಯಪ್ಪಾ, ಸಾವಕಾಶ ಹೊಡಿಯೋ” ಅಂತ ಅಜ್ಜಿ ಚಾಲಕರಿಗೇ ಬೈದರು. ಪಾಪ, ಅವರ ತಪ್ಪು ಏನೂ ಇರಲಿಲ್ಲ. ಬೈಕಿನವನು ತಿರುಗಿಯೂ ನೋಡದೆ ಹೋಗಿಬಿಟ್ಟ.

ಈಗ ಪೊಲೀಸರ ಕೆಲಸಕ್ಕೆ ಬರುತ್ತೇನೆ. ಅವರು ಇದ್ದಾಗ ಕೆಲಸ ಆಗುತ್ತದೆ, ಇದನ್ನು ಗಟ್ಟಿಯಾಗಿ ಹೇಳಬೇಕು. ಬಿಸಿಲಲ್ಲಿ ನಿಂತು, ಕೈಯಲ್ಲಿ ದಂಡದ ಮಷೀನು ಹಿಡಿದು, “ಗಾಡಿ ಸೈಡಿಗೆ ಹಚ್ರಿ” ಅಂತ ತಾಳ್ಮೆಯಿಂದ ಹೇಳುವ ಕಾನ್‌ಸ್ಟೆಬಲ್ ಒಬ್ಬರನ್ನು ನೋಡಿದ್ದೇನೆ. “ಇಲ್ಲೇ ಮುಂದ ಹೋಗೋದೈತ್ರಿ ಸರ” ಅಂದವನಿಗೂ ಅವರು ರಸೀದಿ ಹರಿದೇ ಕೊಟ್ಟರು. ಹಿಂದೆ ಬರುತ್ತಿದ್ದವರು ಅದನ್ನು ನೋಡಿ ತಾವೇ ಪಕ್ಕದ ರಸ್ತೆಗೆ ಹೋದರು. ಕಾನೂನಿನಲ್ಲಿ ಗೊಂದಲವೇನೂ ಇಲ್ಲ. ಸಂಚಾರ ಫಲಕ ಪಾಲಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 119ನೇ ಕಲಮು ಹೇಳುತ್ತದೆ.

ಕೊರತೆ ಇರುವುದು ವ್ಯವಸ್ಥೆಯಲ್ಲಿ. 22 ಕಿ.ಮೀ. ಉದ್ದಕ್ಕೂ ಪ್ರತಿ ಕ್ರಾಸಿಗೆ ಒಬ್ಬರನ್ನು ದಿನವಿಡೀ ನಿಲ್ಲಿಸುವುದು ಆಗದ ಮಾತು. ಒಳಗೆ ಬಂದವರನ್ನು ಬೆನ್ನಟ್ಟುವುದು ಅಪಾಯ. ಕಾರಿಡಾರಿನಲ್ಲೇ ಹಿಡಿದು ನಿಲ್ಲಿಸಿದರೆ ಹಿಂದಿನ ಬಸ್ಸೂ ನಿಲ್ಲುತ್ತದೆ. ಹಾಗಾಗಿ ಒಳಗೆ ನುಗ್ಗುವ ಬಾಯಲ್ಲೇ ತಡೆಯಬೇಕು, ಉಳಿದದ್ದನ್ನು ಕ್ಯಾಮೆರಾ ನೋಡಿಕೊಳ್ಳಬೇಕು. ಬಸ್ಸಿನ ಮುಂದೆ ಒಂದು ಕ್ಯಾಮೆರಾ, ನಂಬರ್ ಪ್ಲೇಟಿನ ಚಿತ್ರ, ಮನೆಗೆ ನೋಟಿಸು. ವಾದ ಇಲ್ಲ, ಪರಿಚಯ ಹೇಳಿ ಬಿಡಿಸಿಕೊಳ್ಳುವುದೂ ಇಲ್ಲ.

“ಕಾರಿಡಾರ್ ಸುಮ್ನೆ ಎಲ್ಲರಿಗೂ ಬಿಟ್ಟುಬಿಡಿ” ಅನ್ನುವವರು ದಿಲ್ಲಿ ಕಡೆ ಒಮ್ಮೆ ನೋಡಬೇಕು. ಅಂಬೇಡ್ಕರ್ ನಗರದಿಂದ ಮೂಲಚಂದ್‌ವರೆಗೆ 2008ರಲ್ಲಿ ಬಸ್ಸಿಗೆ ಬೇರೆ ಪಥ ಮಾಡಿದರು. ಅಲ್ಲೂ ಕಾರು, ಬೈಕು ನುಗ್ಗಿದವು. ಕಾರುಗಳಿಗೂ ಆ ಪಥ ಬಿಡಿ ಎಂಬ ಅರ್ಜಿಯನ್ನು 2012ರಲ್ಲಿ ಹೈಕೋರ್ಟ್ ತಳ್ಳಿಹಾಕಿತು. ಆದರೂ ವಿರೋಧ ನಿಲ್ಲಲಿಲ್ಲ, 2016ರಲ್ಲಿ ಅದನ್ನು ಕಿತ್ತೇ ಹಾಕಿದರು. ಮುಂದೆ 2022ರ ಏಪ್ರಿಲ್ 1ರಿಂದ ಅದೇ ದಿಲ್ಲಿಯಲ್ಲಿ ಬಸ್ ಪಥದ ನಿಯಮ ಬಿಗಿ ಮಾಡಬೇಕಾಯಿತು. ಪಥ ಬಿಟ್ಟು ಓಡಿಸಿದ ಬಸ್ ಚಾಲಕರಿಗೂ 10,000 ರೂಪಾಯಿವರೆಗೆ ದಂಡ ಅಂತ ಆಯಿತು. ನನಗೆ ಇದು ಸರಿ ಅನಿಸುತ್ತದೆ. ನಿಯಮ ಎರಡೂ ಕಡೆಯವರಿಗೆ ಇದ್ದರೆ ಜನ ಒಪ್ಪುತ್ತಾರೆ. ನಮ್ಮಲ್ಲೂ ಸಿಗ್ನಲ್ ಹಾರಿಸುವ ಬಸ್ಸಿಗೆ ದಂಡ ಬೀಳಲಿ.

ಇನ್ನೊಂದು ಮಾತು. ಬೈಕಿನವರನ್ನು ಹಿಡಿಯುವುದು ಸುಲಭ. ಮುಂದೆ ಹುದ್ದೆಯ ಬೋರ್ಡು ಹಾಕಿಕೊಂಡ ದೊಡ್ಡ ಕಾರುಗಳೂ ಒಳಗೆ ಹೋಗುವುದನ್ನು ನಿಲ್ದಾಣದಲ್ಲಿ ನಿಂತವರೆಲ್ಲ ನೋಡುತ್ತಾರೆ. “ಅವರಿಗಿಲ್ಲದ ಕಾನೂನು ನಮಗ್ಯಾಕ” ಅಂತ ಕಾಲೇಜು ಹುಡುಗರು ಕೇಳಿದರೆ ಏನು ಉತ್ತರ ಕೊಡುವುದು? ಆಂಬುಲೆನ್ಸು, ಅಗ್ನಿಶಾಮಕ ವಾಹನ ಬಿಟ್ಟರೆ ಯಾರಿಗೂ ರಿಯಾಯಿತಿ ಬೇಡ. ಮೊದಲ ನೋಟಿಸು ಆ ಬೋರ್ಡಿನ ಕಾರುಗಳಿಗೇ ಹೋಗಲಿ, ಎಷ್ಟು ಹೋಯಿತು ಅಂತ ತಿಂಗಳಿಗೊಮ್ಮೆ ನಿಲ್ದಾಣದ ಗೋಡೆಗೆ ಹಚ್ಚಲಿ.