ಉದ್ದ ಗೊತ್ತಿಲ್ಲದ ಉತ್ತರಕ್ಕೆ ಎಂಥ ಕಾಲಂ? ಪಿಡಿಎಫ್, ಎಕ್ಸೆಲ್, ವರ್ಡ್ ಮತ್ತು ಬ್ರೌಸರ್ ನಮೂನೆಗಳ ಹೋಲಿಕೆ

ಪತ್ತಿನ ಸಹಕಾರ ಸಂಘವೊಂದರ ಸದಸ್ಯತ್ವ ಅರ್ಜಿಯನ್ನು ಕಂಪ್ಯೂಟರಿನಲ್ಲೇ ಭರ್ತಿ ಮಾಡಿ, ಎ4 ಹಾಳೆಯಲ್ಲಿ ಮುದ್ರಿಸಿ, ಸಹಿ ಪಡೆದು ಕಡತಕ್ಕೆ ಸೇರಿಸುವಂತೆ ನಮೂನೆ ಸಿದ್ಧಪಡಿಸಬೇಕಾಗಿತ್ತು. ಒಂದೇ ಅರ್ಜಿಯನ್ನು ಬೇರೆ ಬೇರೆ ತಂತ್ರಾಂಶಗಳಲ್ಲಿ ಪೂರ್ತಿಯಾಗಿ ಕಟ್ಟಿ, ಪ್ರತಿಯೊಂದಕ್ಕೂ ಅದೇ ವಿವರಗಳನ್ನು ತುಂಬಿ, ಮುದ್ರಿಸಿದ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ್ದರ ಫಲ ಈ ಬರಹ. ಉತ್ತರ ಎಷ್ಟು ಉದ್ದ ಬರುತ್ತದೆಂಬುದು ಮೊದಲೇ ತಿಳಿಯದಿರುವಾಗ ಕಾಲಂ ಅನ್ನು ಹೇಗೆ ರೂಪಿಸಬೇಕು ಎಂಬುದೊಂದೇ ಇಲ್ಲಿನ ಪ್ರಶ್ನೆ.

ಊರಿನ ಕಾಲಂಗೆ ಒಮ್ಮೆ ‘ಉಡುಪಿ’ ಎಂದು ಬರೆದರೆ, ಇನ್ನೊಮ್ಮೆ ‘ಶ್ರವಣಬೆಳಗೊಳ ಹೋಬಳಿ, ಚನ್ನರಾಯಪಟ್ಟಣ ತಾಲ್ಲೂಕು, ಹಾಸನ ಜಿಲ್ಲೆ’ ಎಂದು ಬರೆದೆ. ಹೆಸರಿನ ಕಾಲಂಗೆ ಬರಿಯ ‘ರಮೇಶ’ ಎಂಬುದನ್ನೂ, ತಂದೆಯ ಹೆಸರು, ಮನೆತನದ ಹೆಸರು ಎರಡೂ ಕೂಡಿದ ಉತ್ತರ ಕರ್ನಾಟಕದ ರೀತಿಯ ಪೂರ್ಣ ಹೆಸರನ್ನೂ ತುಂಬಿದೆ. ನಡುವೆ ಎಲ್ಲೂ ಖಾಲಿ ಜಾಗವಿಲ್ಲದ ಉದ್ದನೆಯ ಇಮೇಲ್ ವಿಳಾಸವೊಂದನ್ನೂ ಸೇರಿಸಿಕೊಂಡೆ. ಸಾಲು ಮುರಿಯಲು ಆಸ್ಪದ ಕೊಡದ ಇಂಥ ಪಠ್ಯವೇ ಬಹುತೇಕ ನಮೂನೆಗಳನ್ನು ಕೆಡಿಸುತ್ತದೆ.

ಉದ್ದ ನಿಗದಿಯಾಗಿರುವ ಕಾಲಂಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಪಿನ್ ಕೋಡ್‌ಗೆ 6 ಅಂಕಿ, ಮೊಬೈಲ್ ಸಂಖ್ಯೆಗೆ 10, ಆಧಾರ್‌ಗೆ 12, ಇಂಗ್ಲಿಷ್ ಅಕ್ಷರಗಳೂ ಅಂಕಿಗಳೂ ಬೆರೆತಿರುವ ಪ್ಯಾನ್‌ಗೆ 10, ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿಗೆ 11. ಇವುಗಳಿಗೆ ಒಂದೊಂದು ಅಂಕಿಗೂ ಅಕ್ಷರಕ್ಕೂ ಒಂದೊಂದು ಚೌಕವಿರುವ ಕಾಲಂ ಯಾವ ತಂತ್ರಾಂಶದಲ್ಲಾದರೂ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಒಂದು ಅಂಕಿ ಬಿಟ್ಟುಹೋದರೆ ಕಣ್ಣಿಗೂ ಬೀಳುತ್ತದೆ. ಆದರೆ ಅದೇ ಚೌಕಗಳ ಸಾಲನ್ನು ಹೆಸರಿಗೂ ಇಡುವ ಅಭ್ಯಾಸವಿದೆಯಲ್ಲ, ಕನ್ನಡದ ಮಟ್ಟಿಗೆ ಅದನ್ನು ಕೈಬಿಡಲೇಬೇಕು. ‘ರಮೇಶ’ ಮತ್ತು ‘ಲಕ್ಷ್ಮಮ್ಮ’ ಎರಡೂ ನಮ್ಮ ಎಣಿಕೆಯಲ್ಲಿ ಮೂರು ಮೂರು ಅಕ್ಷರಗಳು. ಗಣಕ ಅಕ್ಷರಗಳನ್ನು ದಾಖಲಿಸುವ ಸಂಕೇತ ಪದ್ಧತಿಯಾದ ಯೂನಿಕೋಡ್ ಲೆಕ್ಕದಲ್ಲಿ ಮಾತ್ರ ಮೊದಲನೆಯದು 4, ಎರಡನೆಯದು 9, ಏಕೆಂದರೆ ‘ಕ್ಷ್ಮ’ ಎಂಬ ಒಂದೇ ಅಕ್ಷರದಲ್ಲಿ ಮೂರು ವ್ಯಂಜನಗಳೂ ಅವುಗಳ ನಡುವೆ ಎರಡು ಹಲಂತಗಳೂ (ವ್ಯಂಜನದ ಸ್ವರ ತೆಗೆಯುವ ‘್’ ಚಿಹ್ನೆಗಳು) ಅಡಗಿವೆ. ಪಿಡಿಎಫ್‌ನ ಚೌಕದ ಕಾಲಂಗೆ ಈ ಹೆಸರನ್ನು ತುಂಬಿದಾಗ ಒತ್ತಕ್ಷರಗಳು ಕಳಚಿಕೊಂಡು, ಒಂದು ಚೌಕದಲ್ಲಿ ವ್ಯಂಜನ, ಮುಂದಿನ ಚೌಕದಲ್ಲಿ ಒಂಟಿ ಹಲಂತ ಎಂಬಂತೆ ಹರಡಿಕೊಂಡವು. ತನ್ನ ಹೆಸರನ್ನು ಹಾಗೆ ನೋಡುವ ಸ್ಥಿತಿ ಯಾವ ಸದಸ್ಯೆಗೂ ಬರಬಾರದು. ‘ಇಷ್ಟೇ ಅಕ್ಷರ’ ಎಂದು ಮಿತಿ ಹಾಕುವ ಸೌಲಭ್ಯಗಳಿಗೂ ಇದೇ ಮಾತು ಸಲ್ಲುತ್ತದೆ: ಅವು ಎಣಿಸುವುದು ನಾವು ಎಣಿಸುವ ಅಕ್ಷರಗಳನ್ನಲ್ಲವಾದ್ದರಿಂದ, ಒತ್ತಕ್ಷರ ಹೆಚ್ಚಿರುವ ಹೆಸರಿನವರಿಗೆ ಕಡಿಮೆ ಜಾಗ ಸಿಕ್ಕಂತಾಗುತ್ತದೆ.

ಇನ್ನು ಮುಖ್ಯ ಹೋಲಿಕೆಗೆ ಬರುತ್ತೇನೆ. ಪಿಡಿಎಫ್ ನಮೂನೆಯ ದೊಡ್ಡ ಆಕರ್ಷಣೆಯೆಂದರೆ ಪುಟದ ವಿನ್ಯಾಸ ಅಲುಗಾಡುವುದಿಲ್ಲ. ಅದರ ದೊಡ್ಡ ತೊಡಕೂ ಅದೇ. ಸಾಮಾನ್ಯ ಪಿಡಿಎಫ್‌ನಲ್ಲಿ ಕಾಲಂ ಎಂಬುದು ಪುಟದ ಮೇಲೆ ಅಳತೆ ಹಾಕಿ ಕೂರಿಸಿದ ಒಂದು ಆಯತ. ಅದು ಬೆಳೆಯುವುದಿಲ್ಲ, ಕೆಳಗಿರುವುದನ್ನು ತಳ್ಳುವುದೂ ಇಲ್ಲ. ಉದ್ದದ ಉತ್ತರ ಬಂದಾಗ ಅಕ್ಷರ ಗಾತ್ರವನ್ನು ತಾನಾಗಿ ಕುಗ್ಗಿಸುವುದು, ಒಳಗೇ ಸರಿಸಿ ನೋಡಲು ಬಿಡುವುದು, ಜಾಗ ಮುಗಿದ ಕೂಡಲೇ ಬರೆಯಲು ಬಿಡದಿರುವುದು ಎಂಬ ಮೂರು ದಾರಿಗಳಷ್ಟೇ ಅಲ್ಲಿವೆ, ಮತ್ತು ಮೂರನ್ನೂ ನೋಡಿದ ಮೇಲೆ ಯಾವುದೂ ನನಗೆ ಒಪ್ಪಿಗೆಯಾಗಲಿಲ್ಲ. ಗಾತ್ರವನ್ನು ‘ಆಟೋ’ ಎಂದು ಇಟ್ಟರೆ ಒಂದೇ ಸಾಲಿನ ಕಾಲಂನಲ್ಲಿ ‘ಉಡುಪಿ’ ಎಂಬುದು ಚೌಕದ ಎತ್ತರಕ್ಕೆ ತಕ್ಕಂತೆ ಉಬ್ಬಿ ನಿಲ್ಲುತ್ತದೆ, ಪಕ್ಕದ ಕಾಲಂನ ಉದ್ದ ಹೆಸರು ಅರ್ಧದಷ್ಟಾಗಿ ಕುಗ್ಗುತ್ತದೆ, ಒಂದೇ ಹಾಳೆಯಲ್ಲಿ ನಾಲ್ಕಾರು ಗಾತ್ರಗಳು ಕಾಣುತ್ತವೆ. ಕುಗ್ಗಿದ ಗಾತ್ರದಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಹೇಗೋ ಓದಬಹುದು. ಕನ್ನಡದಲ್ಲಿ ಒತ್ತಕ್ಷರಗಳೇ ಮೂಲ ಅಕ್ಷರಕ್ಕಿಂತ ಚಿಕ್ಕದಾಗಿರುವುದರಿಂದ, ಜೆರಾಕ್ಸ್ ಪ್ರತಿ ತೆಗೆದ ಮೇಲೆ ಅವು ಬರಿಯ ಚುಕ್ಕೆಗಳಾಗಿ ಉಳಿಯುತ್ತವೆ. ಒಳಗೇ ಸರಿಯುವ ಕಾಲಂ ಇದಕ್ಕಿಂತ ಅಪಾಯಕಾರಿ, ಏಕೆಂದರೆ ಪರದೆಯ ಮೇಲೆ ಎಲ್ಲವೂ ದಾಖಲಾದಂತೆ ಕಂಡರೂ ಮುದ್ರಣದಲ್ಲಿ ಹೊರಗೆ ಕಾಣುವಷ್ಟೇ ಬರುತ್ತದೆ. ಅಕ್ರೋಬ್ಯಾಟ್‌ನಲ್ಲಿ ಪಠ್ಯ ಮಿಕ್ಕಿದೆ ಎಂದು ಸೂಚಿಸಲು ಮೂಲೆಯಲ್ಲಿ ಪುಟ್ಟ ಕೂಡು ಚಿಹ್ನೆ ಮೂಡುವುದುಂಟು, ಆದರೆ ಸರತಿಯಲ್ಲಿ ಜನ ಕಾಯುತ್ತಿರುವಾಗ ಗುಮಾಸ್ತರು ಅದನ್ನು ಗಮನಿಸುತ್ತಾರೆಂದು ನಂಬಿ ಕೂರಲಾಗದು. ಮೂರನೆಯ ದಾರಿ ಪ್ರಾಮಾಣಿಕವಾದದ್ದು. ಜಾಗ ಮುಗಿದರೆ ಕೀಲಿಮಣೆ ಒತ್ತಿದರೂ ಏನೂ ಮೂಡುವುದಿಲ್ಲ. ಆದರೆ ನಿಂತುಹೋಗುವುದು ವಿಳಾಸದ ಕೊನೆಯ ಭಾಗ, ಅಂದರೆ ತಾಲ್ಲೂಕು ಮತ್ತು ಜಿಲ್ಲೆ. ಒಂದೇ ಹೆಸರಿನ ಊರುಗಳು ಎಷ್ಟೋ ಇರುವ ನಾಡಿನಲ್ಲಿ ಅದಿಲ್ಲದೆ ವಿಳಾಸವೇ ಇಲ್ಲ.

ಪಿಡಿಎಫ್‌ನೊಳಗೇ ಬೆಳೆಯುವ ಕಾಲಂ ಬೇಕೆಂದು ಹಿಂದೆ ಎಕ್ಸ್‌ಎಫ್‌ಎ ಎಂಬ ವ್ಯವಸ್ಥೆ ಬಂದಿತ್ತು. ಪಠ್ಯ ಬೆಳೆದಂತೆ ಕಾಲಂ ಬೆಳೆಯುವುದು, ಕೆಳಗಿನ ಭಾಗ ಸರಿಯುವುದು, ಪುಟ ತಾನಾಗಿ ಹೆಚ್ಚುವುದು ಎಲ್ಲವೂ ಅದರಲ್ಲಿತ್ತು. ಆದರೆ ಅಡೋಬ್‌ನ ತಂತ್ರಾಂಶದ ಹೊರಗೆ ಅದನ್ನು ತೆರೆದರೆ ಹಲವೆಡೆ ‘ದಯವಿಟ್ಟು ಕಾಯಿರಿ’ ಎಂಬರ್ಥದ ಇಂಗ್ಲಿಷ್ ಪುಟವೊಂದೇ ಕಾಣುತ್ತದೆ, ಮತ್ತು 2017ರಲ್ಲಿ ಬಂದ ಪಿಡಿಎಫ್ 2.0 ಮಾನದಂಡ ಅದನ್ನು ತೊರೆಯಬೇಕಾದ ಸೌಲಭ್ಯವೆಂದು ಗುರುತಿಸಿದೆ. ಹೊಸದಾಗಿ ಆರಂಭಿಸುವವರು ಆ ಕಡೆ ಹೋಗಬೇಕಿಲ್ಲ.

ಎಕ್ಸೆಲ್‌ನಲ್ಲಿ ಅರ್ಜಿ ಕಟ್ಟುವ ಕಚೇರಿಗಳು ನಮ್ಮಲ್ಲಿ ಬೇಕಾದಷ್ಟಿವೆ, ಗೆರೆಗಳು ಸಿದ್ಧವಾಗಿ ಸಿಗುತ್ತವೆಂಬುದೇ ಅದಕ್ಕೆ ಕಾರಣವಿರಬೇಕು. ಆದರೆ ಅಂದಕ್ಕಾಗಿ ಹಲವು ಚೌಕಗಳನ್ನು ‘ಮರ್ಜ್’ ಮಾಡಿದ, ಅಂದರೆ ಒಂದಾಗಿ ಕೂಡಿಸಿದ ಕೂಡಲೇ, ಪಠ್ಯಕ್ಕೆ ತಕ್ಕಂತೆ ಸಾಲಿನ ಎತ್ತರ ತಾನಾಗಿ ಹೆಚ್ಚುವ ಗುಣ ಹೊರಟುಹೋಗುತ್ತದೆ. ಅರ್ಜಿ ನಮೂನೆಯಲ್ಲಿ ಮರ್ಜ್ ಮಾಡದ ಚೌಕಗಳು ಉಳಿಯುವುದೇ ಅಪರೂಪ. ಲೆಕ್ಕಕ್ಕೆ ಎಕ್ಸೆಲ್ ಇರಲಿ, ಅರ್ಜಿಗೆ ಬೇಡ.

ವರ್ಡ್ ಬಗ್ಗೆ ನನಗೆ ನಿರೀಕ್ಷೆಗಿಂತ ಒಳ್ಳೆಯ ಅಭಿಪ್ರಾಯ ಮೂಡಿತು. ‘ಹೆಸರು’ ಎಂದು ಬರೆದು ಮುಂದೆ ಅಡ್ಡಗೆರೆಗಳನ್ನು ಒತ್ತುತ್ತಾ ಹೋಗುವ ಹಳೆಯ ಪದ್ಧತಿಯನ್ನು ಮೊದಲು ಬಿಡಬೇಕು, ಏಕೆಂದರೆ ಅದರ ಮೇಲೆ ಟೈಪ್ ಮಾಡಿದರೆ ಗೆರೆಗಳು ಮುಂದಕ್ಕೆ ತಳ್ಳಲ್ಪಟ್ಟು ಮುಂದಿನ ಸಾಲಿಗೆ ಇಳಿಯುತ್ತವೆ. ಅದರ ಬದಲು ಎರಡು ಕಂಬಸಾಲುಗಳ ಕೋಷ್ಟಕ ಹಾಕಿ, ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ ಇಟ್ಟು, ಉತ್ತರದ ಚೌಕಕ್ಕೆ ಕೆಳಗೆರೆ ಮಾತ್ರ ಕೊಟ್ಟರೆ ಕಾಗದದ ಅರ್ಜಿಯಂತೆಯೇ ಕಾಣುತ್ತದೆ. ಎಲ್ಲವೂ ನಿಂತಿರುವುದು ಸಾಲಿನ ಎತ್ತರದ ಆಯ್ಕೆಯ ಮೇಲೆ. ಅಲ್ಲಿ ‘ಎಕ್ಸಾಕ್ಟ್ಲಿ’ ಎಂದಿದ್ದರೆ ಮಿಕ್ಕ ಪಠ್ಯ ಗೆರೆಯ ಕೆಳಗೆ ಮರೆಯಾಗುತ್ತದೆ. ‘ಅಟ್ ಲೀಸ್ಟ್’ ಎಂದಿದ್ದರೆ ಖಾಲಿ ಇದ್ದಾಗಲೂ ಅಂದವಾದ ಎತ್ತರ ಉಳಿದು, ಉದ್ದದ ವಿಳಾಸ ಬಂದಾಗ ಸಾಲು ತಾನಾಗಿ ಬೆಳೆಯುತ್ತದೆ. ಚೌಕದೊಳಗೆ 2007ರ ಆವೃತ್ತಿಯಿಂದ ಬಂದಿರುವ ಕಂಟೆಂಟ್ ಕಂಟ್ರೋಲ್ (ಉತ್ತರ ತುಂಬಲೆಂದೇ ಗುರುತಿಸಿದ ಜಾಗ) ಇಟ್ಟು, ಕಂಬಸಾಲಿನ ಅಗಲ ತಾನಾಗಿ ಬದಲಾಗದಂತೆ ತಡೆದು, ಉಳಿದ ಭಾಗಕ್ಕೆ ಬೀಗ ಹಾಕಿದರೆ ಪ್ರಶ್ನೆಗಳನ್ನು ಯಾರೂ ಅಳಿಸಲಾರರು. ಚೌಕದ ಆಯ್ಕೆಗಳಲ್ಲಿರುವ ‘ಫಿಟ್ ಟೆಕ್ಸ್ಟ್’ ಮಾತ್ರ ಮೋಸದ ಗೆಳೆಯ: ಪಠ್ಯವನ್ನು ಒಂದೇ ಸಾಲಿಗೆ ಹಿಡಿಸಲು ಅದು ಅಕ್ಷರಗಳ ನಡುವಿನ ಅಂತರವನ್ನೇ ಹಿಸುಕುತ್ತದೆ, ಒಂದರ ಒತ್ತು ಇನ್ನೊಂದರ ಕೊಂಬಿಗೆ ತಾಗುವಂತೆ ಮಾಡುತ್ತದೆ. ಲಿಬ್ರೆ ಆಫೀಸ್‌ನಲ್ಲಿಯೂ 7.4ನೇ ಆವೃತ್ತಿಯಿಂದ ಕಂಟೆಂಟ್ ಕಂಟ್ರೋಲ್‌ಗಳು ಇರುವುದರಿಂದ ಇದೇ ವಿನ್ಯಾಸ ಅಲ್ಲಿಯೂ ಸಾಧ್ಯ.

ವರ್ಡ್‌ನ ಕೊರತೆ ಬೇರೆ ಕಡೆಯಿದೆ. ತುಂಬಿದ ವಿವರಗಳು ಆ ಕಡತದೊಳಗೇ ಉಳಿಯುತ್ತವೆ, ಮತ್ತೆ ಸದಸ್ಯರ ಪಟ್ಟಿಗೆ ಕೈಯಾರೆ ಬರೆದುಕೊಳ್ಳಬೇಕು. ಕಡತ ಮಾಡಿದ ಗಣಕದಲ್ಲಿದ್ದ ಫಾಂಟ್ ಇನ್ನೊಂದರಲ್ಲಿ ಇಲ್ಲದಿದ್ದರೆ ಅಕ್ಷರಗಳ ಅಗಲವೇ ಬದಲಾಗಿ, ಒಂದು ಪುಟದ ಅರ್ಜಿ ಒಂದೂಕಾಲು ಪುಟವಾಗುತ್ತದೆ. ‘ಯೋ’, ‘ಮೊ’ಗಳಂಥ ಅಗಲದ ಅಕ್ಷರಗಳಲ್ಲಿ ಫಾಂಟಿನಿಂದ ಫಾಂಟಿಗೆ ಇರುವ ವ್ಯತ್ಯಾಸ ಸಣ್ಣದಲ್ಲ.

ಬ್ರೌಸರ್‌ನಲ್ಲಿ ತೆರೆಯುವ ಎಚ್‌ಟಿಎಂಎಲ್ ನಮೂನೆಯನ್ನು ಸಿದ್ಧಪಡಿಸುವುದು ಎಲ್ಲಕ್ಕಿಂತ ಹೆಚ್ಚಿನ ಕೆಲಸ, ಆದರೂ ನನ್ನ ಒಲವು ಅದರ ಕಡೆಗೇ. ಇಲ್ಲಿ ತುಂಬುವ ಕಾಲಂ ಮತ್ತು ಮುದ್ರಣವಾಗುವ ಕಾಲಂ ಎರಡನ್ನೂ ಬೇರೆ ಬೇರೆಯಾಗಿ ರೂಪಿಸಬಹುದು. ಪರದೆಯ ಮೇಲಿನ ಟೆಕ್ಸ್ಟ್‌ಏರಿಯಾ, ಅಂದರೆ ಹಲವು ಸಾಲು ಬರೆಯಬಹುದಾದ ಚೌಕ, ಪಠ್ಯಕ್ಕೆ ತಕ್ಕಂತೆ ಬೆಳೆಯಬೇಕೆಂದರೆ ಈಗ ‘ಫೀಲ್ಡ್-ಸೈಜಿಂಗ್: ಕಂಟೆಂಟ್’ ಎಂಬ ಒಂದೇ ಸಾಲಿನ ಸೂಚನೆ ಸಾಕು; ಕ್ರೋಮ್‌ಗೆ ಅದು 2024ರಲ್ಲಿ, 123ನೇ ಆವೃತ್ತಿಯಲ್ಲಿ ಬಂತು. ಅದು ತಿಳಿಯದ ಹಳೆಯ ಬ್ರೌಸರ್‌ಗಳಿಗಾಗಿ ಒಳಗಿನ ಪಠ್ಯದ ಎತ್ತರ ಅಳೆದು ಚೌಕದ ಎತ್ತರವನ್ನು ಹೊಂದಿಸುವ ನಾಲ್ಕು ಸಾಲಿನ ಜಾವಾಸ್ಕ್ರಿಪ್ಟ್ ಸೇರಿಸಬೇಕಾಗುತ್ತದೆ. ಟೆಕ್ಸ್ಟ್‌ಏರಿಯಾ ಬೆಳೆಯದೇ ಉಳಿದರೆ ಮುದ್ರಣದಲ್ಲಿ ಇಲ್ಲಿಯೂ ಪಿಡಿಎಫ್‌ನ ಕಥೆಯೇ ಪುನರಾವರ್ತನೆಯಾಗುತ್ತದೆ. ಆದ್ದರಿಂದ ಮುದ್ರಣದ ವೇಳೆ ಟೆಕ್ಸ್ಟ್‌ಏರಿಯಾವನ್ನು ಮರೆಮಾಡಿ, ಅದರೊಳಗಿನ ಪಠ್ಯವನ್ನು ಸಾಧಾರಣ ಪಠ್ಯವಾಗಿ ತೋರಿಸುವಂತೆ ಮಾಡಿದ್ದೇನೆ. ಸಾಧಾರಣ ಪಠ್ಯ ಎಷ್ಟು ಉದ್ದವಿದ್ದರೂ ತಾನಾಗಿ ಸಾಲು ಮುರಿದುಕೊಂಡು ಕೆಳಗಿಳಿಯುತ್ತದೆ. ಇಮೇಲ್ ವಿಳಾಸಕ್ಕೆ ಮಾತ್ರ ಎಲ್ಲಿ ಬೇಕಾದರೂ ಮುರಿಯಬಹುದೆಂಬ ‘ಓವರ್‌ಫ್ಲೋ-ರ‍್ಯಾಪ್’ ಸೂಚನೆ ಕೊಡಬೇಕು.

ಕನ್ನಡಕ್ಕೆಂದೇ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಂಗ್ಲಿಷ್‌ಗೆಂದು ಹೊಂದಿಸಿದ ಚೌಕದ ಎತ್ತರದಲ್ಲಿ ‘ಶಾಸ್ತ್ರಿ’, ‘ಲಕ್ಷ್ಮಮ್ಮ’ ಎಂಬ ಹೆಸರುಗಳ ಕೆಳಗಿನ ಒತ್ತುಗಳು ಗೆರೆಗೆ ತಾಗಿ ಕತ್ತರಿಸಿಹೋಗುತ್ತವೆ. ಸಾಲಿನ ಎತ್ತರವನ್ನು ಅಕ್ಷರ ಗಾತ್ರದ 1.7ರಷ್ಟು ಇಟ್ಟು, ಚೌಕದ ಎತ್ತರವನ್ನು ಪಿಕ್ಸೆಲ್‌ಗಳಲ್ಲಿ ನಿಗದಿ ಮಾಡದೇ ಬಿಟ್ಟ ಮೇಲೆ ನೋಟೋ ಸಾನ್ಸ್ ಕನ್ನಡದಲ್ಲಿಯೂ ವಿಂಡೋಸ್‌ನ ನಿರ್ಮಲಾ ಯುಐನಲ್ಲಿಯೂ ಒತ್ತಕ್ಷರಗಳು ಇಡಿಯಾಗಿ ಉಳಿದವು. ನಮೂನೆಯೊಂದಿಗೆ ಫಾಂಟನ್ನೂ ಕಳುಹಿಸಬಹುದಾದ್ದರಿಂದ ಪುಟದ ಅಳತೆ ಯಂತ್ರದಿಂದ ಯಂತ್ರಕ್ಕೆ ಬದಲಾಗುವುದಿಲ್ಲ, ಮತ್ತು ತುಂಬಿದ ವಿವರಗಳು ನೇರವಾಗಿ ಸದಸ್ಯರ ಪಟ್ಟಿಗೆ ಸೇರುತ್ತವೆ.

ಹಾಗಾಗಿ ನನ್ನ ಆಯ್ಕೆ ಹೀಗಿದೆ: ವಿವರಗಳನ್ನು ಮುಂದೆಯೂ ಬಳಸಬೇಕಾದ, ನಿರ್ವಹಣೆಗೆ ಒಬ್ಬರಾದರೂ ಬಲ್ಲವರಿರುವ ಸಂಘಕ್ಕೆ ಬ್ರೌಸರ್ ನಮೂನೆ, ಗಣಕದಲ್ಲಿ ವರ್ಡ್ ಬಿಟ್ಟು ಬೇರೇನೂ ಇಲ್ಲದ ಕಚೇರಿಗೆ ‘ಅಟ್ ಲೀಸ್ಟ್’ ಎತ್ತರದ ಕೋಷ್ಟಕ, ಅಂಕಿಗಳಷ್ಟೇ ಇರುವ ಚಲನ್‌ನಂಥ ಕಾಗದಕ್ಕೆ ಪಿಡಿಎಫ್.

ಟೈಪ್ ಮಾಡದೆ ಕೈಯಲ್ಲೇ ಬರೆದು ಕೊಡುವ ಸದಸ್ಯರೂ ಇರುತ್ತಾರೆ, ಅವರಿಗೂ ಇದೇ ನಮೂನೆಯ ಖಾಲಿ ಪ್ರತಿ ಬೇಕು. ಬೆಳೆಯುವ ಕಾಲಂ ಖಾಲಿ ಇದ್ದಾಗ ಒಂದು ಸಾಲಿಗೆ ಕುಗ್ಗಿಬಿಟ್ಟರೆ ಅವರು ವಿಳಾಸವನ್ನು ಅಂಚಿನಲ್ಲಿ ಬರೆಯಬೇಕಾಗುತ್ತದೆ. ಅದಕ್ಕಾಗಿ ಹೆಸರಿನ ಸಾಲಿಗೆ ಕನಿಷ್ಠ 9 ಮಿಲಿಮೀಟರ್, ವಿಳಾಸಕ್ಕೆ ಕನಿಷ್ಠ ಮೂರು ಸಾಲುಗಳ ಎತ್ತರ ನಿಗದಿ ಮಾಡಿದ್ದೇನೆ. ಘೋಷಣೆ, ಸಹಿ ಮತ್ತು ಹೆಬ್ಬೆಟ್ಟಿನ ಗುರುತಿನ ಜಾಗವನ್ನು ಒಡೆಯದ ಒಂದೇ ಗುಂಪಾಗಿ ಇಟ್ಟಿದ್ದೇನೆ. ಮೇಲಿನ ಉತ್ತರಗಳು ಬೆಳೆದು ಎರಡನೇ ಪುಟ ಬೇಕಾದಾಗ ಘೋಷಣೆ ಒಂದು ಹಾಳೆಯಲ್ಲಿ, ಸಹಿ ಇನ್ನೊಂದರಲ್ಲಿ ಎಂದಾಗದೆ ಎರಡೂ ಒಟ್ಟಿಗೇ ಎರಡನೇ ಪುಟಕ್ಕೆ ಹೋಗುತ್ತವೆ, ಮತ್ತು ಆ ಪುಟದ ತಲೆಯಲ್ಲಿ ಅರ್ಜಿದಾರರ ಹೆಸರು ಮತ್ತೊಮ್ಮೆ ಮುದ್ರಣವಾಗುತ್ತದೆ.