ಕಲಬುರಗಿಯ ಪಿಯು ಪ್ರವೇಶ ಕೌಂಟರ್: ನಾಲ್ಕನೇ ವಿಷಯದ ಮಾತೇ ಇಲ್ಲ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಸೇಡಂ ರಸ್ತೆ, ಜೇವರ್ಗಿ ರಸ್ತೆಯ ಪಿಯು ಕಾಲೇಜುಗಳಿಗೆ ಹೋದರೆ ಮೊದಲು ಕೈಗೆ ಬರುವುದು ಬಣ್ಣದ ಪ್ರಾಸ್ಪೆಕ್ಟಸ್, ಆಮೇಲೆ ಫೀಸಿನ ಚೀಟಿ. ಕಾಂಬಿನೇಷನ್ ಮಾತು ಮುಗಿಯಲು ಎರಡು ನಿಮಿಷವೂ ಬೇಡ: ‘ಪರ್ಸೆಂಟೇಜ್ ಎಷ್ಟದ? ಹಂಗಿದ್ರ ಪಿಸಿಎಂಬಿ ಬರೀರಿ.’ ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ. ಅರ್ಜಿ ತುಂಬಿಸುವುದು, ದಾಖಲೆ ನೋಡುವುದು, ರಸೀದಿ ಕೊಡುವುದು ಎಲ್ಲ ಚುರುಕಾಗಿಯೇ ನಡೆಯುತ್ತದೆ. ವಿಷಯ ಆರಿಸಲು ಸಿಗುವ ಸಲಹೆಗೆ ಮಾತ್ರ ಐದರಲ್ಲಿ ಎರಡಕ್ಕಿಂತ ಹೆಚ್ಚು ಅಂಕ ಕೊಡಲಾಗದು.

ಪಿಯುಸಿಯಲ್ಲಿ ಆರು ವಿಷಯ, 600 ಅಂಕ. ಎರಡು ಭಾಷೆ, ನಾಲ್ಕು ಐಚ್ಛಿಕ. ಇಲ್ಲಿ ಸೈನ್ಸ್ ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ ಇದ್ದೇ ಇರುತ್ತವೆ, ಗಣಿತವೂ ಬಹುತೇಕ ಜೊತೆಗೇ ಬರುತ್ತದೆ. ಮನೆಯವರು ನಿಜವಾಗಿ ಕೂತು ಯೋಚಿಸಬೇಕಾದದ್ದು ನಾಲ್ಕನೆಯದರ ಬಗ್ಗೆ. ಕೌಂಟರ್‌ನಲ್ಲಿ ಅದನ್ನು ಕೇಳುವವರೇ ಇಲ್ಲ.

‘ಪಿಸಿಎಂಬಿ ತಗೊಂಡ್ರ ಎಂಜಿನಿಯರಿಂಗ್, ಮೆಡಿಕಲ್ ಎರಡೂ ಕಡೆ ದಾರಿ ಅದ’ ಎನ್ನುವುದು ಸುಳ್ಳಲ್ಲ. ಬಿಎಸ್ಸಿ ಅಗ್ರಿ ಬಯಸುವವರಿಗೆ ಅದೇ ಸರಿ: ಆ ರ‍್ಯಾಂಕಿಗೆ ಸಿಇಟಿಯ ನಾಲ್ಕೂ ಪೇಪರ್ ಬರೆಯಬೇಕು. ರಾಯಚೂರು ಕೃಷಿ ವಿವಿಯ ಕಾಲೇಜುಗಳು ಕಲಬುರಗಿಯಲ್ಲೂ ಭೀಮರಾಯನಗುಡಿಯಲ್ಲೂ ಇರುವುದರಿಂದ ತೊಗರಿ ಬೆಳೆಯುವ ಮನೆಯ ಮಕ್ಕಳಿಗೆ ಇದು ದೂರದ ಮಾತೇನಲ್ಲ. ಆದರೆ ಎಂಜಿನಿಯರಿಂಗ್ ಎಂದು ಗಟ್ಟಿ ಮಾಡಿಕೊಂಡ ಮಗುವಿಗೆ ಬಯಾಲಜಿ ಎರಡು ವರ್ಷದ ಹೊರೆ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಅಂಕ ಅರ್ಧ, ಅದೇ ಮೂರರ ಸಿಇಟಿ ಅಂಕ ಅರ್ಧ. ಬಯಾಲಜಿಯಲ್ಲಿ ನೂರಕ್ಕೆ ನೂರು ಬಂದರೂ ಅಲ್ಲಿ ಲೆಕ್ಕಕ್ಕಿಲ್ಲ, ಭಾಷೆಯ ಅಂಕವೂ ಇಲ್ಲ. ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಸೇರಲು ಪಿಯುನಲ್ಲೇ ಕಂಪ್ಯೂಟರ್ ಓದಿರಬೇಕು ಎಂಬ ಮಾತೂ ಓಡಾಡುತ್ತದೆ, ಅಂಥ ನಿಯಮವಿಲ್ಲ.

ಮೆಡಿಕಲ್ ಸೀಟಿನ ನೀಟ್ ಕಥೆ ಇದಕ್ಕೆ ತಿರುವುಮುರುವು. ಅಲ್ಲಿ 720ರಲ್ಲಿ 360 ಬಯಾಲಜಿಯದೇ, ಗಣಿತದ ಒಂದು ಪ್ರಶ್ನೆಯೂ ಇಲ್ಲ. ಆದರೂ ಗಣಿತದಲ್ಲಿ ಸೋತವರನ್ನು ಪಿಸಿಎಂಬಿಗೇ ತಳ್ಳುತ್ತಾರೆ. ಗಣಿತ ಫೇಲಾದರೆ ಪಿಯುಸಿಯೇ ಫೇಲು. ಆಗ ಮತ್ತೆ ಪರೀಕ್ಷೆ ಬರೆಯಬೇಕು, ನೀಟ್ ಓದಿನ ಹೊತ್ತೂ ಅದಕ್ಕೇ ಹೋಗುತ್ತದೆ. ಗಣಿತದ ಬದಲು ಬೇರೆ ವಿಷಯ ಕೊಡುವ ಕಾಲೇಜುಗಳು ಕಡಿಮೆ, ಹುಡುಕಿ ನಾಲ್ಕು ಕಡೆ ಕೇಳಲೇಬೇಕು.

ಎಸ್ಸೆಸ್ಸೆಲ್ಸಿಯ ಗಣಿತದ ಅಂಕ ನಂಬಿ ನಿರ್ಧರಿಸುವುದು ಅಪಾಯ. ಮಾಡೆಲ್ ಪೇಪರ್ ಉರು ಹೊಡೆದು 90 ತೆಗೆದವರು ಬಹಳ. ಹತ್ತನೆಯ ಪುಸ್ತಕದ ತ್ರಿಕೋನಮಿತಿ, ವರ್ಗ ಸಮೀಕರಣ, ನಿರ್ದೇಶಾಂಕ ರೇಖಾಗಣಿತದಿಂದ ಹತ್ತು ಲೆಕ್ಕ ಆರಿಸಿ, ನೋಟ್ಸ್ ಮುಚ್ಚಿಸಿ, 40 ನಿಮಿಷ ಕೊಡಿ. ಆರು ಬಾರದಿದ್ದರೆ ಕಾಲೇಜು ಶುರುವಾಗುವ ಮುಂಚೆ ಅದನ್ನೇ ರಿಪೇರಿ ಮಾಡಬೇಕು. ಪ್ರಥಮ ಪಿಯು ಫಿಸಿಕ್ಸ್‌ನಲ್ಲಿ ಸದಿಶಗಳು ಬಂದ ಕೂಡಲೇ ಸೈನ್, ಕಾಸ್ ಬೇಕಾಗುತ್ತವೆ, ಗಣಿತದ ಕ್ಲಾಸು ಅಲ್ಲಿಗೆ ಬರುವ ತನಕ ಫಿಸಿಕ್ಸ್ ಕಾಯುವುದಿಲ್ಲ.

ಕನ್ನಡ ಮಾಧ್ಯಮದವರು ಎಡವುವ ಜಾಗ ಬೇರೆ. ವೇಗೋತ್ಕರ್ಷ, ಜಡತ್ವ, ಸಂವೇಗ ಚೆನ್ನಾಗಿ ಗೊತ್ತಿರುವ ಹುಡುಗಿ ಆಕ್ಸಲರೇಷನ್, ಇನರ್ಷಿಯಾ, ಮೊಮೆಂಟಮ್ ಕೇಳಿದಾಗ ಹೊಸ ಪಾಠ ಎಂದುಕೊಂಡು ಸುಮ್ಮನಾಗುತ್ತಾಳೆ. ಬೇಸಿಗೆಯಲ್ಲಿ ದಿನಕ್ಕೆ ಹತ್ತು ಪದ ಎದುರುಬದುರು ಬರೆಸಿದರೆ ಕಾಲೇಜು ತೆರೆಯುವಷ್ಟರಲ್ಲಿ ಮುನ್ನೂರು ದಾಟುತ್ತದೆ. ಇದನ್ನು ಹೇಳುವ ಕೌಂಟರ್ ಇದ್ದರೆ ಎರಡು ಅಂಕ ಮೂರಾಗುತ್ತಿತ್ತು. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಆ ಆಯ್ಕೆಯನ್ನು ಅರ್ಜಿಯಲ್ಲೇ ಮಾಡಿಕೊಳ್ಳಬೇಕು.

ಲ್ಯಾಬ್ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಲ್ಯಾಬ್ ಇರುವ ಸೈನ್ಸ್ ವಿಷಯಕ್ಕೆ 70 ಥಿಯರಿ, 30 ಪ್ರಾಕ್ಟಿಕಲ್. ಕೆಮಿಸ್ಟ್ರಿ ಲ್ಯಾಬ್‌ನ ಬ್ಯೂರೆಟ್ ಒಂದನ್ನು ಕೈಗೆತ್ತಿಕೊಂಡು ಅದರ ನಲ್ಲಿ ತಿರುಗಿಸಿ ನೋಡಿ. ಬಳಸುತ್ತಿದ್ದರೆ ಸಲೀಸಾಗಿ ತಿರುಗುತ್ತದೆ, ಸಿಂಕಿನಲ್ಲಿ ಪರ್ಮಾಂಗನೇಟಿನ ಕಂದು ಕಲೆ ಇರುತ್ತದೆ. ನಲ್ಲಿ ಜಾಮ್ ಆಗಿ ಮೇಲೆ ಧೂಳು ಕೂತಿದ್ದರೆ ಅಲ್ಲಿ ರೆಕಾರ್ಡ್ ನಕಲು ಮಾಡಿಸುತ್ತಾರೆ ಎಂದೇ ತಿಳಿಯಿರಿ.

ಕಾಮರ್ಸ್‌ನಲ್ಲಿ ಅಕೌಂಟೆನ್ಸಿ, ಬಿಸಿನೆಸ್ ಸ್ಟಡೀಸ್, ಎಕನಾಮಿಕ್ಸ್ ಜೊತೆಗೆ ಹಿಸ್ಟರಿಯೋ, ಸ್ಟಾಟಿಸ್ಟಿಕ್ಸೋ, ಕಂಪ್ಯೂಟರೋ, ಬೇಸಿಕ್ ಮ್ಯಾಥ್ಸೋ? ‘ಹಿಸ್ಟರಿ ಸರಳ’ ಎಂದು ಹೆಚ್ಚಿನವರಿಗೆ ಹೆಬಾ (ಹಿಸ್ಟರಿ, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ) ಬರೆಸುತ್ತಾರೆ. ಸಿಎ ಫೌಂಡೇಷನ್‌ನಲ್ಲಿ ಬಿಸಿನೆಸ್ ಗಣಿತ, ಲಾಜಿಕಲ್ ರೀಸನಿಂಗ್, ಸ್ಟಾಟಿಸ್ಟಿಕ್ಸ್ ಸೇರಿ ಒಂದು ಪೂರ್ತಿ ಪೇಪರ್ ಇದೆ, ಅತ್ತ ಮನಸ್ಸಿದ್ದವರು ಈ ಸರಳಕ್ಕೆ ಒಪ್ಪಬಾರದು. ಆರ್ಟ್ಸ್‌ನವರಿಗೆ ಒಂದೇ ಮಾತು: ಐಚ್ಛಿಕ ಕನ್ನಡ ಬೇರೆ, ಭಾಷೆಯ ಕನ್ನಡ ಬೇರೆ, ಎರಡೂ ತೆಗೆದುಕೊಳ್ಳಬಹುದು. ಕನ್ನಡ ಎಂಎ ಕನಸಿರುವವರು ಐಚ್ಛಿಕವಿರುವ ಕಾಲೇಜನ್ನೇ ಹುಡುಕಿ.

ಹಳ್ಳಿಯ ಎಷ್ಟೋ ತಂದೆ ತಾಯಿ, ನಗರದಲ್ಲಿ ಪಿಯು ಮಾಡಿಸಿದರೆ ಗ್ರಾಮೀಣ ಮೀಸಲಾತಿ ತಪ್ಪುತ್ತದೆ ಎಂದು ಹೆದರಿ ಊರ ಕಾಲೇಜಿನಲ್ಲಿ ಇರುವುದನ್ನೇ ಕೊಡಿಸುತ್ತಾರೆ. ಸಿಇಟಿಯ ಗ್ರಾಮೀಣ ಕೋಟಾಕ್ಕೂ ಕನ್ನಡ ಮಾಧ್ಯಮ ಕೋಟಾಕ್ಕೂ ನೋಡುವುದು 1ರಿಂದ 10ನೇ ತರಗತಿಯ ಓದು ಮಾತ್ರ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ ಕೊಡುವುದು ಉಪವಿಭಾಗಾಧಿಕಾರಿ ಕಚೇರಿ. ದ್ವಿತೀಯ ಪಿಯು ಮುಗಿಯುವ ತನಕ ಕಾಯದೆ ಮಾಡಿಸಿಟ್ಟರೆ ಸಿಇಟಿ ಅರ್ಜಿಯ ಹೊತ್ತಿಗೆ ಓಡಾಟ ತಪ್ಪುತ್ತದೆ.

ಅರ್ಜಿಗೆ ಸಹಿ ಹಾಕುವ ಮೊದಲು ನಾಲ್ಕೂ ವಿಷಯದ ಹೆಸರನ್ನು ಪೂರ್ತಿ ಬರೆಸಿಕೊಳ್ಳಿ. ಪಿಸಿಎಂಸಿ (ಕಂಪ್ಯೂಟರ್), ಪಿಸಿಎಂಇ (ಎಲೆಕ್ಟ್ರಾನಿಕ್ಸ್), ಪಿಸಿಎಂಎಸ್‌ (ಸ್ಟಾಟಿಸ್ಟಿಕ್ಸ್) ನಡುವೆ ವ್ಯತ್ಯಾಸ ಒಂದೇ ಅಕ್ಷರ, ಗದ್ದಲದಲ್ಲಿ ಗುಮಾಸ್ತರ ಪೆನ್ನು ತಪ್ಪುತ್ತದೆ. ಕಾಂಬಿನೇಷನ್ ಬದಲಿಸಲು ಕೊನೆಯ ದಿನ ಯಾವುದು ಎಂದು ಕೇಳಿ, ಅದನ್ನು ಅದೇ ರಸೀದಿಯ ಹಿಂದೆ ಬರೆಸಿಕೊಳ್ಳಿ.