ಸ್ಪೀಕರ್ ಪರೀಕ್ಷೆಗೆ ಜೆನ್ನಿ ರಿವೆರಾ

ದಾವಣಗೆರೆಯ ರಾಮ್ ಅಂಡ್ ಕೋ ಸರ್ಕಲ್ ಹತ್ತಿರದ ಅಂಗಡಿಯಲ್ಲಿ ತಗೊಂಡ ಬ್ಲೂಟೂತ್ ಸ್ಪೀಕರ್ ಇದು. ಅಲ್ಲಿ ಡಿಜೆ ಹಾಡು ಹಾಕಿ ತೋರಿಸುತ್ತಾರೆ, ಅದರಲ್ಲಿ ಯಾವ ಡಬ್ಬಾ ಆದರೂ ಚೆನ್ನಾಗೇ ಕೇಳುತ್ತದೆ, ಅಲ್ವಾ? ನಾನು ಬಾಂದಾ ಹಾಡುಗಾರ್ತಿ ಜೆನ್ನಿ ರಿವೆರಾಳ ಹಾಡು ಹಾಕಿಸಿದೆ. ಮೆಕ್ಸಿಕೋದ ಬಾಂದಾ ಸಂಗೀತದಲ್ಲಿ ಬೇಸ್ ಕೊಡುವುದು ಗಿಟಾರ್ ಅಲ್ಲ, ಟ್ಯೂಬಾ ಅನ್ನುವ ದೊಡ್ಡ ಹಿತ್ತಾಳೆಯ ಊದುವ ವಾದ್ಯ. ಅದರ ಮೇಲೆ ಕ್ಲಾರಿನೆಟ್, ಟ್ರಂಪೆಟ್, ಟ್ರಾಂಬೋನ್, ದೊಡ್ಡ ತಂಬೋರಾ ಡೋಲು, ಎಲ್ಲಾ ಸೇರಿ ನಮ್ಮ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ ಥರ ಮೈಮೇಲೆ ಬರುತ್ತದೆ, ಕಳಪೆ ಸ್ಪೀಕರ್ ಆದರೆ ಹಾಡುವವರ ದನಿಯೇ ಮುಳುಗಿಹೋಗುತ್ತದೆ. ಇದರಲ್ಲಿ ಮುಳುಗಲಿಲ್ಲ. ಟ್ಯೂಬಾದ 'ಭೋಂ' ಬೇರೆ, ಜೆನ್ನಿಯ ಒರಟು ದನಿ ಬೇರೆ, ಸಾಲಿನ ಕೊನೆಗೆ ಉಸಿರು ಎಳೆದದ್ದೂ ಕೇಳಿತು.

ಆ ದನಿಗೆ ಒಂದು ಗತ್ತಿದೆ. 1969ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ, ಮೆಕ್ಸಿಕೋದಿಂದ ಬಂದ ಅಪ್ಪ ಅಮ್ಮನಿಗೆ ಹುಟ್ಟಿದವಳು. ಅಪ್ಪನದೇ ಕ್ಯಾಸೆಟ್ ಕಂಪನಿ ಇತ್ತು, ನಿಜ, ಆದರೂ ಗಂಡಸರೇ ತುಂಬಿದ್ದ ಬಾಂದಾದಲ್ಲಿ ಜಾಗ ಮಾಡಿಕೊಳ್ಳುವುದು ಸುಮ್ನೆ ಮಾತಲ್ಲ. 2011ರಲ್ಲಿ ಲಾಸ್ ಏಂಜಲೀಸ್‌ನ ಸ್ಟೇಪಲ್ಸ್ ಸೆಂಟರ್ ಅನ್ನುವ ದೊಡ್ಡ ಕ್ರೀಡಾಂಗಣವನ್ನೇ ತನ್ನ ಹಾಡಿನ ಕಾರ್ಯಕ್ರಮಕ್ಕೆ ತುಂಬಿಸಿದಳು. ಮರುವರ್ಷ ಡಿಸೆಂಬರ್‌ನಲ್ಲಿ ವಿಮಾನ ಅಪಘಾತದಲ್ಲಿ ಹೋದಳು, 43 ವರ್ಷಕ್ಕೇ.

ಸ್ಪೀಕರ್ ವಿಷಯಕ್ಕೆ ಬಂದರೆ, ವಾಲ್ಯೂಮ್ ಪೂರ್ತಿ ಏರಿಸಿದರೆ ಟ್ರಂಪೆಟ್ ಕಿವಿಗೆ ಚುಚ್ಚುತ್ತದೆ. ಚಾರ್ಜರ್ ಬೇರೆ ಕೊಳ್ಳಬೇಕು, ಅದು ಸ್ವಲ್ಪ ಜಾಸ್ತಿಯಾಯಿತು. ಐದಕ್ಕೆ ನಾಲ್ಕು.